ಬರ್ಲಿನ್ ಬ್ಯಾಂಡಿನಲ್ಲಿ ಹುಬ್ಬಳ್ಳಿ ಅಕ್ಕ

ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದೆ. ನಾಲ್ಕನೇ ಹಾಡು ಶುರುವಾಗಿತ್ತು. ಗಿಟಾರು ಹಟ ಹಿಡಿದ ಮಗುವಿನಂತೆ ಒಂದೇ ಸ್ವರವನ್ನು ಎಳೆಯುತ್ತಿತ್ತು. ಹಿಂದೆ ಮೆಲ್ಲಗೆ ಡ್ರಮ್. ಅಷ್ಟರಲ್ಲಿ ನನ್ನ ಎಡಗಿವಿಯಲ್ಲಿ ಒಬ್ಬ ಹೆಂಗಸು ಕೇಳಿದಳು: "ಏ ಮಲ್ಲೂ, ಯಾರೋ ಅಕಿ?"

ನಾನು ತಿರುಗಿ ನೋಡಿದೆ.

ಹಿಂದೆ ಯಾರೂ ಇರಲಿಲ್ಲ. (ಅಂಗಡಿಯ ನಾಯಿ ಇತ್ತು. ಅದಕ್ಕೆ ಜರ್ಮನ್ ಮಾತ್ರ ಬರುತ್ತದೆ.)

ಬರ್ಲಿನ್ನಿನ ಒಂದು ನೆಲಮಾಳಿಗೆಯಲ್ಲಿ, ಈ ಊರಿನವರಿಗೇ ಗೊತ್ತಿಲ್ಲದ ಬ್ಯಾಂಡಿನ ಹೊಸ ಸಿ.ಡಿ.ಯಲ್ಲಿ, ಅಪ್ಪಟ ಹುಬ್ಬಳ್ಳಿ ಕನ್ನಡ! ಹಾಡನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಸಂಶಯವೇ ಇಲ್ಲ. ಆ ಹೆಂಗಸು ನಗುತ್ತಿದ್ದಳು. ನಗುವಿನ ಮೇಲೆ ಡ್ರಮ್ ಬೀಳುತ್ತಿತ್ತು.

ಮೊದಲು ನನ್ನ ಈ ಹೊಸ ಚಟದ ಬಗ್ಗೆ ಹೇಳಿಬಿಡಬೇಕು. ಜರ್ಮನ್ ಸರ್ಕಾರ ಕಂಪ್ಯೂಟರಿನವರಿಗೆ ಕೊಡುವ ಗ್ರೀನ್ ಕಾರ್ಡ್ ಹಿಡಿದು ಇಲ್ಲಿಗೆ ಬಂದು, ಇನ್ನೊಬ್ಬರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ಮಾಡಿಕೊಂಡಿರುವ ಉಡುಪಿಯವಳು ನಾನು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ನನ್ನ ಮನೆ ಹುಡುಕಾಟದ ಗೋಳಂತೂ ನಿಮಗೆಲ್ಲ ಬಾಯಿಪಾಠ ಆಗಿರಬೇಕು. ಆದರೆ ಸಂಗೀತ? ನನಗೂ ಅದಕ್ಕೂ ದೂರ. ಕಳೆದ ಚಳಿಗಾಲದಲ್ಲಿ ಟ್ರಾಮ್ ಕಾಯುತ್ತ ಕಾಲು ಮರಗಟ್ಟಿ, ಎದುರಿಗೆ ಕಂಡ ಮೆಟ್ಟಿಲು ಇಳಿದೆ. ಕೆಳಗೆ ಬೆಚ್ಚಗಿತ್ತು. ಅದು ಊವೆಯ ಅಂಗಡಿ.

ಊವೆ ಹೆಚ್ಚು ಮಾತಾಡುವ ಮನುಷ್ಯನಲ್ಲ. ಬಾಗಿಲ ಬಳಿ ಒಂದು ಹಣ್ಣಿನ ಪೆಟ್ಟಿಗೆ ಇಟ್ಟಿದ್ದಾನೆ. ಪ್ರತಿ ಶನಿವಾರ ಹೊಸದಾಗಿ ಬಂದದ್ದೆಲ್ಲ ಅದರಲ್ಲಿ. ಯಾವ ಕಂಪನಿಯೂ ಹೊರತಂದಿರದ, ಯಾವ ಪೇಪರಿನಲ್ಲೂ ಜಾಹೀರಾತು ಕಾಣದ ಕ್ಯಾಸೆಟ್ಟುಗಳು, ಸಿ.ಡಿ.ಗಳು. ಒಂದಕ್ಕೆ ಗೋಡೆಕಾಗದ ಕತ್ತರಿಸಿ ಹೊದಿಕೆ. ಇನ್ನೊಂದಕ್ಕೆ ಯಾರದೋ ಹಳೆಯ ಅಂಗಿಯ ಬಟ್ಟೆ. ಐವತ್ತೋ ಅರವತ್ತೋ ಪ್ರತಿ ಮಾಡಿರುತ್ತಾರೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಅಂಟಿಸಿರುತ್ತಾರೆ.

"ಇದರಲ್ಲಿ ಯಾವುದು ಚೆನ್ನಾಗಿದೆ?" ಎಂದು ಮೊದಲ ದಿನ ಕೇಳಿದ್ದೆ.

"ನನಗೆ ಹೇಗೆ ಗೊತ್ತು? ನೀನಿನ್ನೂ ಕೇಳಿಯೇ ಇಲ್ಲವಲ್ಲ" ಎಂದ ಊವೆ.

ಎಂಥಾ ವ್ಯಾಪಾರಿ ಮಾರಾಯ್ರೇ! ಆದರೆ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯೋಚಿಸಿ ನೋಡಿ. ನಾವು ಕೇಳುವ ಹಾಡು, ನೋಡುವ ಸಿನಿಮಾ, ಕೊನೆಗೆ ತಿನ್ನುವ ದೋಸೆಯನ್ನೂ ಯಾರೋ ಮೊದಲೇ ಚೆನ್ನಾಗಿದೆ ಎಂದು ಹೇಳಿರುತ್ತಾರೆ. ನಾವು ಹೋಗಿ ಹೌದು ಎನ್ನುತ್ತೇವೆ. ಯಾರೂ ಏನೂ ಹೇಳದ ಒಂದು ವಸ್ತುವಿನ ಮುಂದೆ ಕೊನೆಯ ಸಲ ನಿಂತದ್ದು ಯಾವಾಗ?

ಅಂಡರ್‌ಗ್ರೌಂಡ್ ಎಂದರೆ ನಮ್ಮಲ್ಲಿ ನೆನಪಾಗುವುದು ಪೊಲೀಸರಿಂದ ತಲೆಮರೆಸಿಕೊಂಡವರು. ಈ ಬ್ಯಾಂಡಿನವರು ತಲೆಮರೆಸಿಕೊಂಡಿಲ್ಲ. ಅವರನ್ನು ಯಾರೂ ಹುಡುಕುತ್ತಿಲ್ಲ, ಅಷ್ಟೇ.

ಹಾಗೆ ಶನಿವಾರಗಳು ಕಳೆದವು. ಅರ್ಧಕ್ಕರ್ಧ ಸಂಗೀತ ನನ್ನ ತಲೆಗೆ ಹತ್ತುವುದಿಲ್ಲ. ಕೆಲವು ಕೇಳಿದರೆ ಗ್ರೈಂಡರಿಗೆ ಚಮಚ ಬಿದ್ದ ಹಾಗೆ. ಆದರೂ ಪೂರ್ತಿ ಕೇಳುತ್ತೇನೆ. ಎಲ್ಲೋ ಒಂದು ಕಡೆ, ಒಂದೇ ಒಂದು ಕಡೆ, ನನಗೆಂದೇ ಇಟ್ಟಂತಹ ಒಂದು ಸಾಲು ಸಿಕ್ಕಿಬಿಡುತ್ತದೆ.

ಆದರೆ ಕನ್ನಡದ ಸಾಲು ಸಿಗುತ್ತದೆಂದು ಯಾರು ಎಣಿಸಿದ್ದರು?

ಹೆಡ್‌ಫೋನ್ ತೆಗೆದು ಊವೆಯ ಬಳಿ ಓಡಿದೆ. "ಇದರಲ್ಲಿರುವ ಹೆಂಗಸು ಯಾರು?"

ಅವನು ಹೊದಿಕೆ ನೋಡಿದ. 'ಮೂರನೇ ಹಿತ್ತಲು' ಎಂಬರ್ಥದ ಜರ್ಮನ್ ಹೆಸರಿನ ಬ್ಯಾಂಡು. ಮೂರು ಜನ. "ಕಾಟ್ಯಾಗೆ ಫೋನ್ ಮಾಡ್ತೇನೆ. ಇಲ್ಲೇ ಹತ್ತಿರ ಇರ್ತಾಳೆ" ಎಂದ.

ಕಾಟ್ಯಾ ಆ ಬ್ಯಾಂಡಿನ ಡ್ರಮ್ಮರ್. ವಾರವಿಡೀ ಶಿಶುವಿಹಾರದಲ್ಲಿ ಕೆಲಸ. ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದಳು. ನನ್ನನ್ನು ಕಂಡವಳೇ, "ನಿನಗೆ ಅವಳ ಭಾಷೆ ಬರುತ್ತಾ?" ಎಂದು ಕೇಳಿದಳು. ನನ್ನ ಹೆಸರನ್ನೂ ಕೇಳಿರಲಿಲ್ಲ.

ಕಥೆ ಹೀಗೆ. ಬರ್ಲಿನ್ನಿನಲ್ಲಿ ಮನೆ ಖಾಲಿ ಮಾಡುವವರು ಬೇಡದ ಸಾಮಾನನ್ನು ಡಬ್ಬಕ್ಕೆ ತುಂಬಿ, 'ಬೇಕಾದವರು ಒಯ್ಯಿರಿ' ಎಂದು ಬರೆದು ಫುಟ್‌ಪಾತಿನಲ್ಲಿ ಇಟ್ಟು ಹೋಗುತ್ತಾರೆ. ಅಂಥ ಒಂದು ಡಬ್ಬದಲ್ಲಿ ಕಾಟ್ಯಾಗೆ ಫೋನಿನ ಆನ್ಸರಿಂಗ್ ಮಶೀನ್ ಸಿಕ್ಕಿತ್ತು. ಒಳಗೆ ಪುಟ್ಟ ಟೇಪು. ಹಾಕಿ ನೋಡಿದರೆ ಈ ಧ್ವನಿ.

"ಬೈಯುತ್ತಿದ್ದಾಳೋ, ಪ್ರಾರ್ಥನೆ ಮಾಡುತ್ತಿದ್ದಾಳೋ, ನನಗೆ ಗೊತ್ತಾಗಲಿಲ್ಲ. ಆದರೆ ಮಶೀನಿನ ಎದುರು ಯಾರೂ ಹೀಗೆ ನಗುವುದಿಲ್ಲ. ಎಲ್ಲರೂ ಗಂಟಲು ಸರಿಮಾಡಿಕೊಂಡು ಹೆಸರು, ನಂಬರು ಹೇಳ್ತಾರೆ. ಇವಳು ನಕ್ಕಳು. ನಾವು ಅವಳ ಸುತ್ತ ಹಾಡು ಕಟ್ಟಿದೆವು. ಏನು ಹೇಳ್ತಿದ್ದಾಳೆ?"

ನಾನು ಒಂದೊಂದೇ ಸಾಲನ್ನು ಜರ್ಮನ್‌ಗೆ ತಂದು ಹೇಳಿದೆ. ಟೇಪಿನಲ್ಲಿದ್ದದ್ದು ಇಷ್ಟು:

"...ಹೋದ್ಲು. ಏ ಮಲ್ಲೂ, ಯಾರೋ ಅಕಿ? ಏನೇನೋ ಅಂದು ಹೋದ್ಲಲ್ಲ! ಮದುವಿ ಗಿದುವಿ ಮಾಡ್ಕೊಂಡಿಯೇನ್ ಮತ್ತ, ನಮಗ ಹೇಳಲಾರ್ದ?" (ಇಲ್ಲಿ ಆ ನಗು.) "ಇರ್ಲಿ. ನೀ ಅಲ್ಲೇ ಅದಿ, ನನಗ ಗೊತ್ತೈತಿ. ಎತ್ತಬ್ಯಾಡ. ನಾ ಮಾತಾಡ್ತೀನಿ, ನೀ ಕೇಳು. ಇವತ್ತ ಎಣ್ಣಿಗಾಯಿ ಮಾಡಿದ್ದೆ..."

ಮಶೀನಿನೊಳಗಿನ ಜರ್ಮನ್ ಹೆಣ್ಣುಧ್ವನಿಯನ್ನು ಮನೆಗೆ ಬಂದ ಸೊಸೆ ಎಂದು ತಮಾಷೆ ಮಾಡುತ್ತಿದ್ದಾಳೆ ಎಂದು ವಿವರಿಸಿದಾಗ ಕಾಟ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. 'ನೀ ಕೇಳು' ಎಂಬುದನ್ನು ಹಾಡಿನ ಕೊನೆಯಲ್ಲಿ ಅವರು ಮತ್ತೆ ಮತ್ತೆ ತಿರುಗಿಸಿದ್ದರು. ಅದರ ಅರ್ಥ ಹೇಳಿದೆ. ಆಮೇಲೆ ಅವಳು ನಗಲಿಲ್ಲ. "ಈ ಮಲ್ಲೂ ಯಾರು? ಅವನಿಗೆ ಹೇಳಬೇಕಲ್ಲವೇ?" ಎಂದಳು.

ಬರ್ಲಿನ್ನಿನಲ್ಲಿ ಕನ್ನಡದವರು ಎಷ್ಟಿದ್ದೇವೆ ಹೇಳಿ. ಗಣೇಶ ಚೌತಿಗೆ ಒಂದೇ ಹಾಲಿನಲ್ಲಿ ಹಿಡಿಸುತ್ತೇವೆ. ಗೆಳೆಯ ಸಂದೇಶನಿಗೆ ಫೋನ್ ಮಾಡಿದೆ. "ಮಲ್ಲಿಕಾರ್ಜುನನಾ? ಅವರ ಸ್ಟಾರ್ಟ್‌ಅಪ್ ಮುಚ್ಚಿ ಹೋಯ್ತಲ್ಲ ಮಾರಾಯ್ತಿ. ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ, ಕಾರಿನ ಕಂಪನಿಯಲ್ಲಿ" ಎಂದು ನಂಬರು ಕೊಟ್ಟ.

ಮಲ್ಲಿಕಾರ್ಜುನ ಮೊದಲು ಖುಷಿಯಿಂದಲೇ ಮಾತಾಡಿದರು. ಬರ್ಲಿನ್ ಹೇಗಿದೆ, ಒಳ್ಳೆ ಮೆಂತ್ಯಸೊಪ್ಪು ಸಿಗುತ್ತದಾ ಎಂದೆಲ್ಲ ವಿಚಾರಿಸಿದರು. ನಾನು ಟೇಪಿನ ಸುದ್ದಿ ಎತ್ತಿದೆ.

"ಅದು ನಮ್ಮಕ್ಕ ರೀ. ಶಕುಂತಲಾ" ಎಂದರು. "ಆಕಿ ಅದನ್ನ ಮಾತಾಡೋ ಮುಂದ ನಾ ಅಲ್ಲೇ ಕುಂತಿದ್ದೆ. ಫೋನಿನ ಬಾಜೂಕ."

"ಮತ್ತೆ ಯಾಕೆ ಎತ್ಲಿಲ್ಲ?"

"ಕಂಪನಿ ಮುಚ್ಚಿದ್ದು ಮನ್ಯಾಗ ಹೇಳಿದ್ದಿಲ್ರಿ. ವೀಸಾ ಏನಾಗ್ತದೋ ಗೊತ್ತಿಲ್ಲ, ಇನ್ನೊಂದು ಕೆಲಸ ಸಿಗವಲ್ದು. ಎತ್ತಿದ್ರ ನನ್ನ ಧ್ವನಿ ಕೇಳೇ ತಿಳಕೋತಿದ್ಲು. ಕುಂತು ಕೇಳಿದೆ. ಪೂರಾ ಕೇಳಿದೆ." ಆಮೇಲೆ ಹೇಳಿದರು: "ಅದನ್ನ ತಗಸ್ರಿ ಮೇಡಂ. ನನ್ನ ಹೆಸರು ಐತಿ ಅದರಾಗ. ನಾಳೆ ನಮ್ಮ ಮಂದಿ ಯಾರರೆ ಕೇಳಿದ್ರ? ಮಲ್ಲ್ಯಾ ಫೋನ್ ಎತ್ತಲಾರದ ಅಡಗಿ ಕುಂತಿದ್ದ ಅಂತ ಊರಿಗೆಲ್ಲಾ ಸಾರಿದಂಗ ಆಗ್ತದ."

ಅವರ ಮಾತಿನಲ್ಲಿ ತಪ್ಪೇನಿತ್ತು? ಇಲ್ಲಿಗೆ ಬಂದ ನಮಗೆಲ್ಲ ಆ ಹೆದರಿಕೆ ಗೊತ್ತು. ಕೆಲಸ ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ. ಊರಿನಲ್ಲಿ ನಮ್ಮ ಹೆಸರಿನ ಹಿಂದೆ ಅಂಟಿಸಿದ 'ಜರ್ಮನಿ' ಎಂಬ ಪದವೂ ಹೋಗುತ್ತದೆ.

ಕಾಟ್ಯಾಗೆ ಹೇಳಿದೆ. ಅವಳು ವಾದ ಮಾಡಲಿಲ್ಲ. ಊವೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ಹೊರತೆಗೆದು ಬೆನ್ನಚೀಲಕ್ಕೆ ಹಾಕಿಕೊಂಡಳು. ನಾನು ಕೊಂಡದ್ದು ನನ್ನ ಬಳಿಯೇ ಇರಲಿ ಎಂದಳು. "ನಾಲ್ಕನೇ ಹಾಡು ಬಿಟ್ಟು ಮತ್ತೆ ಮಾಡ್ತೇವೆ" ಎಂದು ಹೊರಟಳು. ಊವೆ ನಾಯಿಯ ತಲೆ ಸವರುತ್ತ ನಿಂತಿದ್ದ. ಒಂದು ಒಳ್ಳೆ ಕೆಲಸ ಮಾಡಿದೆ ಎಂದು ನನಗೆ ಅನಿಸಬೇಕಿತ್ತು. ಅನಿಸಲಿಲ್ಲ.

ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಎತ್ತಿ ಹಲೋ ಎನ್ನುವಷ್ಟರಲ್ಲಿ ಆ ಕಡೆಯಿಂದ: "ಬರ್ಲಿನ್ ಬಾಯಾರೇನ್ರಿ? ನಾ ಮಲ್ಲೂನ ಅಕ್ಕ, ಹುಬ್ಬಳ್ಳಿಯಿಂದ. ಇಲ್ಲಿ ಮೀಟರ್ ಓಡಾಕತ್ತೈತಿ. ನೀವ ಹೊಳ್ಳಿ ಮಾಡ್ರಿ." ನಂಬರು ಹೇಳಿ ಇಟ್ಟೇಬಿಟ್ಟರು. ಬಾಯಾರು, ಅಂದರೆ ಮೇಡಂ ಆದ ನಾನು, ತಿರುಗಿ ಫೋನ್ ಮಾಡಿದೆ.

ಆ ಧ್ವನಿ ನನಗೆ ಎಷ್ಟು ಪರಿಚಿತವಾಗಿತ್ತೆಂದರೆ, ಮೊದಲ ಸಲ ಮಾತಾಡುತ್ತಿದ್ದೇನೆ ಎಂದೇ ಅನಿಸಲಿಲ್ಲ.

ಶಕುಂತಲಕ್ಕ ಕಾಲೇಜಿನ ಹತ್ತಿರ ಖಾನಾವಳಿ ನಡೆಸುತ್ತಾರೆ. ಊಟಕ್ಕೆ ಬರುವವರೆಲ್ಲ ಹಾಸ್ಟೆಲ್ ಹುಡುಗರು. ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ತಮ್ಮನೇ ಬಾಯಿಬಿಟ್ಟಿದ್ದನಂತೆ: ನಿನ್ನ ಮಾತನ್ನು ಯಾರೋ ಹಾಡಿಗೆ ಹಾಕಿದ್ದರು, ನಾನು ತೆಗೆಸಿದೆ ಎಂದು.

"ಎಲ್ಲಿ, ಅದನ್ನ ಹಚ್ರಿ. ಕೇಳ್ತೀನಿ" ಎಂದರು.

ಸಿ.ಡಿ. ಪ್ಲೇಯರಿನ ಸ್ಪೀಕರಿಗೆ ಫೋನನ್ನು ಒತ್ತಿ ಹಿಡಿದೆ. ಹಾಡು ಮುಗಿಯಿತು. ಫೋನು ಕಿವಿಗಿಟ್ಟುಕೊಂಡರೆ ರೊಟ್ಟಿಯ ಸದ್ದೂ ಇಲ್ಲ. ಅಲ್ಲಿ ಎಲ್ಲರೂ ಸುಮ್ಮನೆ ನಿಂತು ಕೇಳಿರಬೇಕು.

"ಇನ್ನೊಮ್ಮೆ ಹಚ್ರಿ."

ಹಚ್ಚಿದೆ.

"ಆ ಢಣಢಣ ಸ್ವಲ್ಪ ಜೋರಾತು ನೋಡ್ರಿ. ಎಣ್ಣಿಗಾಯಿ ಅನ್ನೂದ ಕೇಳವಲ್ದು" ಎಂದರು ಅಕ್ಕ. ನಾನು ನಕ್ಕೆ. ಅವರು ನಗಲಿಲ್ಲ.

"ಒಂದ್ ಮಾತು ಕೇಳ್ತೀನಿ ಬಾಯಾರ. ಸಿಟ್ಟಾಗಬ್ಯಾಡ್ರಿ. ಇದು ಯಾರ ಧ್ವನಿ?"

"ನಿಮ್ಮದು."

"ಹೌದಲ್ರಿ? ಮಲ್ಲೂಗ ಕೇಳಿದ್ರಿ. ಆ ಹುಡುಗಿ ಮುಂದ ಹೋಗಿ ಹೇಳಿದ್ರಿ. ನನಗ ಯಾಕ ಕೇಳಲಿಲ್ಲ?"

ಓದುಗರೇ, ನಿಮಗಾದರೂ ಹೊಳೆದಿತ್ತೇ? ಟೇಪು ಯಾರದ್ದು, ಮಶೀನು ಯಾರದ್ದು, ಹೆಸರು ಯಾರದ್ದು, ಮರ್ಯಾದೆ ಯಾರದ್ದು ಎಂದೆಲ್ಲ ನಾವು ಯೋಚಿಸಿದ್ದೆವು. ಮಾತಾಡಿದವಳು ಒಬ್ಬಳು ಇದ್ದಾಳೆ, ಅವಳಿಗೂ ಒಂದು ಅಭಿಪ್ರಾಯ ಇರಬಹುದು ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಹೆಣ್ಣಾಗಿದ್ದೂ ನನ್ನ ತಲೆಗೂ ಬರಲಿಲ್ಲ.

"ತಮ್ಮನ ನೌಕರಿ ಹೋದದ್ದು ನನಗ ಅವತ್ತ ಗೊತ್ತಿತ್ರಿ" ಎಂದು ಅಕ್ಕ ಮುಂದುವರಿಸಿದರು. "ಅಷ್ಟು ದಿನ ಫೋನ್ ಎತ್ತಲಾರದ ಹುಡುಗ ನೌಕರಿ ಮಾಡಾಕತ್ತಾನ ಅಂದ್ರ ಯಾರ್ ನಂಬ್ತಾರ? ಮನ್ಯಾಗ ಒಬ್ಬನ ಕುಂತಿರ್ತಾನ ಅಂತ ಫೋನ್ ಮಾಡಿದ್ದು. ಆ ನಗು ಐತೆಲ್ಲ, ಅದು ತಾನಾಗಿ ಬಂದದ್ದಲ್ಲ. ಅವನೂ ನಗಲಿ ಅಂತ ನಾ ನಕ್ಕಿದ್ದು. ಅದನ್ನ ಕೇಳಿ ಆ ದೇಶದ ಹುಡುಗಿ ಒಂದು ಹಾಡು-ಪದಾನ ಕಟ್ಟ್ಯಾಳ. ನೀವು ಅದನ್ನ ತಗಸಿಬಿಟ್ಟೀರಿ."

ಆಮೇಲೆ ಅವರೇ ತೀರ್ಪು ಕೊಟ್ಟರು. ತಮ್ಮನ ಹೆಸರನ್ನು ತೆಗೆಯುವುದು, ಅದು ಅವನ ಹಕ್ಕು. ತನ್ನ ಧ್ವನಿಯನ್ನು ಇಡುವುದು. ಹೊದಿಕೆಯ ಮೇಲೆ 'ಶಕುಂತಲಾ, ಹುಬ್ಬಳ್ಳಿ' ಎಂದು ಹಾಕುವುದು, ಅದೂ ಕನ್ನಡದಲ್ಲಿ. ಎರಡು ಪ್ರತಿ ಕಳಿಸುವುದು. ಖಾನಾವಳಿಯ ಟೇಪ್ ರೆಕಾರ್ಡರಿಗೆ ಸಿ.ಡಿ. ಹಿಡಿಯುವುದಿಲ್ಲವಾದ್ದರಿಂದ ಒಂದು ಕ್ಯಾಸೆಟ್ಟಿನಲ್ಲಿ ಇರಬೇಕು.

ಮಲ್ಲಿಕಾರ್ಜುನರಿಗೆ ಅಕ್ಕ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅವರು ಫೋನ್ ಮಾಡಿ, "ನನ್ನ ಹೆಸರು ಒಂದು ತಗದ್ರ ಸಾಕ್ರಿ" ಎಂದರು. ಇಡುವ ಮುಂಚೆ ಕೇಳಿದರು: "ಆಕಿ ಬೇಕಂತ ನಕ್ಕಿದ್ದೆ ಅಂದ್ಲೇನ್ರಿ?" ಹೌದು ಎಂದೆ. ಅವರು ಆಮೇಲೂ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.

ಕಾಟ್ಯಾ ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು 'ಶ' ಅಕ್ಷರ ಕಲಿತಳು. ರಬ್ಬರಿನಲ್ಲಿ ಕೊರೆದು ಮುದ್ರೆ ಮಾಡಿದಳು. ಮೊದಲನೆಯದು ತಲೆಕೆಳಗಾಯಿತು. 'ಳ್ಳಿ' ಕೊರೆಯುವಾಗ ಜರ್ಮನ್‌ನಲ್ಲಿ ಏನೋ ಬೈದಳು, ಬರೆಯಲಾರೆ. ಹಾಡಿನಲ್ಲಿ 'ಮಲ್ಲೂ' ಇದ್ದ ಜಾಗದಲ್ಲಿ ಈಗ ಒಂದು ಡ್ರಮ್ಮಿನ ಏಟಿದೆ. (ಈ ಬರಹದಲ್ಲೂ ಅವರ ನಿಜವಾದ ಹೆಸರು ಹಾಕಿಲ್ಲ.) ಎಣ್ಣಿಗಾಯಿ ಸ್ಪಷ್ಟವಾಗಿ ಕೇಳುತ್ತದೆ.

ಮೊನ್ನೆ ಶನಿವಾರ ಹೊಸ ಪ್ರತಿಗಳು ಪೆಟ್ಟಿಗೆಗೆ ಬಂದವು. ನಾನಿದ್ದಾಗಲೇ ಮೂಗುತಿಯ ಹುಡುಗಿಯೊಬ್ಬಳು ಒಂದನ್ನು ಎತ್ತಿಕೊಂಡು ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಇವರು ಯಾರು ಎಂದು ಊವೆಯನ್ನು ಕೇಳಿದಳು. "ಬ್ಯಾಂಡಿನ ನಾಲ್ಕನೆಯವರು" ಎಂದ ಊವೆ. ಅವನು ತಾನಾಗಿ ಒಂದು ವಿವರ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಿನ್ನೆ ಶಕುಂತಲಕ್ಕನಿಗೆ ಈ ಸುದ್ದಿ ಹೇಳಿದೆ. "ಚಲೋ ಆತು" ಎಂದವರೇ, "ಮುಂದಿನ ಪದಕ್ಕ ನಾ ಏನ್ ಮಾತಾಡಬೇಕಂತ ಕೇಳ್ರಿ ಆಕಿಗೆ" ಎಂದರು. ಕಾಟ್ಯಾಳನ್ನು ಕೇಳಿದೆ.

"ಅವರಿಗೆ ಏನು ಹೇಳಬೇಕು ಅನಿಸುತ್ತದೋ ಅದು" ಎಂದಳು.

ನಿಮ್ಮ ಮನೆಯಲ್ಲಿ ದಿನವಿಡೀ ಮಾತಾಡುತ್ತಲೇ ಇರುವ ಆ ಒಬ್ಬರಿಗೆ, ಅನಿಸಿದ್ದನ್ನು ಹೇಳಿ ಎಂದು ಕೇಳಿದವರು ಯಾರಾದರೂ ಇದ್ದಾರೆಯೇ?