ಕ್ಯಾಸೆಟ್ಟಿಗಾಗಿ ಹಿಡಿದ ನೇಮ

ಅವರ ಬಲಗೈ ಹೆಬ್ಬೆರಳಿನ ಉಗುರು ಕಾಸಿದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ತಂತಿ ಬೆಸೆಯುವ ಕಾದ ಸೋಲ್ಡರಿಂಗ್ ಗನ್ ಎಷ್ಟು ಸಲ ತಾಗಿತ್ತೋ. ಕಾಗವಾಡದಲ್ಲಿ ನಮ್ಮ ಪಕ್ಕದ ಮನೆಯವರು, ಟಿವಿ ರಿಪೇರಿಯವರು, ನನಗೆ ಕಾಕಾ. ಜೈನರ ಮನೆತನ. ಹಳೆಯ ಟಿವಿ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ತಟ್ಟಿ, ಒಳಗಿನ ಇರುವೆ, ಜೇಡ, ಜಿರಲೆ ಹೊರಬೀಳುವ ತನಕ ಸುಮ್ಮನೆ ಕೂಡುವರು. ಗಿರಾಕಿ ಗಡಿಬಿಡಿ ಮಾಡಿದರೆ, "ತಡೀರಿ, ಬಾಡಿಗಿಯವ್ರು ಮನಿ ಖಾಲಿ ಮಾಡಾಕತ್ತಾರ" ಎನ್ನುವರು. ತಮ್ಮ ಗನ್ನನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಅವ್ವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದಾಗ, ಬೆರಳು ಆಡಿಸುತ್ತಲೇ ಇರಬೇಕೆಂದು ಡಾಕ್ಟರು ಹೇಳಿದ್ದರು. ಮೊಬೈಲಿನಲ್ಲಿ ಆಟ ಹಾಕಿಕೊಟ್ಟರೆ ಅದರ ಗಾಜು ಅವಳ ಬೆರಳಿಗೆ ತಿಳಿಯುತ್ತಿರಲಿಲ್ಲ. ಕಾಕಾ ನನ್ನ ಚಿಕ್ಕಂದಿನ ವಿಡಿಯೋ ಗೇಮನ್ನು ಅಟ್ಟದಿಂದ ಇಳಿಸಿ, ಧೂಳು ಊದಿ, ಟಿವಿಗೆ ಜೋಡಿಸಿಕೊಟ್ಟರು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಹೊಂದಿಸುವ ಆಟ. ಗುಂಡಿ ಒತ್ತಿ ಒತ್ತಿ ಅವ್ವನ ಹೆಬ್ಬೆರಳು ಜೀವ ಹಿಡಿಯಿತು. ಅಷ್ಟರಲ್ಲಿ ಗೇಮಿಗೆ ತೂರಿಸುವ ಆ ಆಟದ ಕ್ಯಾಸೆಟ್ ಸತ್ತಿತು. ಕೆಲವೇ ವಾರಗಳಲ್ಲಿ ಬೆರಳು ಮತ್ತೆ ಒಳಗೆ ಮಡಚಿಕೊಳ್ಳತೊಡಗಿತು.

ಅಂಥ ಕ್ಯಾಸೆಟ್ ನಿಪ್ಪಾಣಿಯಲ್ಲಿ ಸಿಗಲಿಲ್ಲ, ಮಿರಜದಲ್ಲೂ ಸಿಗಲಿಲ್ಲ. ಹಾಗಾದರೆ ನಾವೇ ಮಾಡೋಣ ಎಂದರು ಕಾಕಾ. ಬೇರೊಂದು ಕೆಟ್ಟ ಕ್ಯಾಸೆಟ್ಟಿನ ಚಿಪ್ಪುಗಳನ್ನು ಕಿತ್ತು, ಆ ಜಾಗದಲ್ಲಿ ಅಳಿಸಿ ಬರೆಯಬಹುದಾದ ಎರಡು ಫ್ಲ್ಯಾಶ್ ಚಿಪ್ಪು ಕೂಡಿಸುವುದು. ಒಂದರಲ್ಲಿ ಆಟ, ಇನ್ನೊಂದರಲ್ಲಿ ಅದರ ಚಿತ್ರಗಳು. ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದ ಅಂಥದೇ ಆಟವನ್ನು ನಾನು ಲ್ಯಾಪ್‌ಟಾಪಿನಿಂದ ಅವುಗಳಿಗೆ ತುಂಬಿದೆ. ಹೊಸ ಚಿಪ್ಪಿನ ಕೆಲವು ಕಾಲುಗಳು ಹಳೆಯ ಬೋರ್ಡಿಗೆ ಹೊಂದುತ್ತಿರಲಿಲ್ಲ. ಅವನ್ನು ಮೇಲಕ್ಕೆ ಬಾಗಿಸಿ, ಕೂದಲಿನಂಥ ತಂತಿಯಿಂದ ಬೇರೆ ಕಡೆ ಬೆಸೆಯಬೇಕಿತ್ತು. ಮೊದಲ ಸಲ ತೆರೆಯ ಮೇಲೆ ಬರೀ ಬೂದಿಬಣ್ಣ. ಮುಂದಿನ ಸಲ ಚಿಪ್ಪೇ ಸುಟ್ಟುಹೋಯಿತು. ಉಳಿದದ್ದು ಒಂದೇ ಜೋಡಿ.

ಅಂದು ಬೆಳಿಗ್ಗೆ ಶುಗರಿನ ಗುಳಿಗೆ ನುಂಗಿದ ಮೇಲೆ ಕಾಕಾ, ಕ್ಯಾಸೆಟ್ ಚಾಲೂ ಆಗುವ ತನಕ ಉಣ್ಣುವುದಿಲ್ಲವೆಂದು ನೇಮ ಹಿಡಿದುಬಿಟ್ಟರು. ಕಾಕಿ ಹಣೆ ಬಡಿದುಕೊಂಡರು. "ಮಂದಿ ಬಸದ್ಯಾಗ ನೇಮ ಹಿಡೀತಾರ, ಇವ್ರು ಟಿವಿ ಮುಂದ ಹಿಡದಾರ ನೋಡ್ರಿ."

ಮಧ್ಯಾಹ್ನ ಕಳೆಯಿತು. ಹೊತ್ತು ಮುಳುಗಿದ ಮೇಲೆ ಅವರು ಬಾಯಿಗೆ ಏನೂ ಹಾಕುವವರಲ್ಲ. ಅಷ್ಟರೊಳಗೆ ಆಗದಿದ್ದರೆ ಮರುದಿನ ಬೆಳಗಿನ ತನಕ ಉಪವಾಸವೇ. ಬಿಸಿಲು ಕಬ್ಬಿನ ಗರಿಗೆ ಇಳಿದಾಗ ಇನ್ನೊಂದು ತಂತಿ ಬಾಕಿಯಿತ್ತು. ಶುಗರು ಇಳಿದು ಕಾಕಾರ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಕೈ ನಡುಗುತ್ತಿತ್ತು. ಗನ್ನಿನ ತುದಿ ಪಕ್ಕದ ಕಾಲಿಗೆ ತಾಗಿದರೆ ಆ ಚಿಪ್ಪೂ ಹೋದಂತೆಯೇ. ಕಾಕಿ ತಾಟು ಹಿಡಿದು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಬೆಸೆಯುತ್ತೇನೆ ಎಂದರೆ ಕಾಕಾ ತಲೆ ಎತ್ತಲಿಲ್ಲ. ಒಂದು ತುತ್ತಾದರೂ ಉಣ್ಣಿ ಎಂದರೂ ಎತ್ತಲಿಲ್ಲ.

ಆಗ ಅವ್ವ, ಇನ್ನೂ ತೊದಲುವ ನಾಲಿಗೆಯಲ್ಲಿ, ತಡೆತಡೆದು ಕೇಳಿದಳು: "ಅಣ್ಣಾರ, ನೇಮ ಹಿಡಿಯೂವಾಗ... ನಿಮ್ಮ ಕೈಲೇ ಆಗಬೇಕಂತ... ಅಂದಿದ್ರೇನ್ರಿ?"

ಕಾಕಾ ತಲೆ ಎತ್ತಿದರು; ಹಾಗೆ ಅಂದಿರಲಿಲ್ಲ. ಆಮೇಲೆ ಗನ್ನನ್ನು ಕಾಕಿಯ ಕಡೆ ಚಾಚಿದರು. "ಶಾವಿಗಿ ಹೊಸಿಯಾಕಿ ನೀ. ಬಾ, ಇದೊಂದು ಎಳಿ ಹಚ್ಚು."

ಕಾಕಿ ತಾಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಉಸಿರು ಬಿಗಿಹಿಡಿದು ತಂತಿ ಬೆಸೆದರು. ನಾನು ಕ್ಯಾಸೆಟ್ ತೂರಿಸಿ ಸ್ವಿಚ್ ಒತ್ತಿದೆ. ತೆರೆ ಕಪ್ಪಾಯಿತು, ಕಪ್ಪಾಗಿಯೇ ನಿಂತಿತು. ಕಾಕಾ ಕಣ್ಣು ಮುಚ್ಚಿದರು. ಅವರು ತೆರೆಯುವಷ್ಟರಲ್ಲಿ ಒಂದು ಕೆಂಪು ಇಟ್ಟಿಗೆ ಮೂಡಿತ್ತು.

ಕಾಕಿ ಟಿವಿಯ ಕಡೆ ನೋಡಲೂ ಇಲ್ಲ. "ಮೊದಲ ಬಾಯಿ ತಗೀರಿ" ಎಂದು ತುತ್ತು ಮುರಿದು ತಾವೇ ಉಣಿಸಿದರು. ಗೋಡೆಯ ಮೇಲೆ ಇನ್ನೂ ಒಂದಿಷ್ಟು ಬಿಸಿಲಿತ್ತು.

ಹೋದ ವರ್ಷ ಕಾಕಾ ತೀರಿಕೊಂಡರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ಬುತ್ತಿ ಒಯ್ಯುತ್ತಾರೆ. ನಾನು ಬೇಡವೆಂದರೂ ಕೇಳದೆ ಅವ್ವ ಬಲಗೈಯಿಂದಲೇ ರೊಟ್ಟಿ ಬಡಿದಳು. ಅರ್ಧಕ್ಕರ್ಧ ಹರಿದವು, ಕೆಲವು ಸೀದವು. ಅವನ್ನೇ ಅರಿವೆಯಲ್ಲಿ ಸುತ್ತಿ ಒಯ್ದು ಕಾಕಿಯ ಮುಂದೆ ಇಟ್ಟಳು. ಬೇರೆ ಮನೆಗಳಿಂದ ಬಂದ ದುಂಡನೆಯ ರೊಟ್ಟಿಗಳನ್ನು ಬದಿಗೆ ಸರಿಸಿ ಕಾಕಿ ಆ ಹರಕು ರೊಟ್ಟಿಗಳನ್ನೇ ಉಂಡರು.