ಕೆರೆಯ ತಗ್ಗಿನ ಮಣ್ಣು

ನನ್ನ ಕೆಲಸ ಕೆಸರು ಓದುವುದು. ಕೆರೆಯ ತಳದಲ್ಲಿ ಕೂತ ಹೂಳಿನಲ್ಲಿ ಗಿಡ, ದನ, ಮೀನುಗಳ ಡಿಎನ್‌ಎ ಚೂರುಗಳು ಉಳಿದಿರುತ್ತವೆ. ಪದರ ಪದರವಾಗಿ ಬಿಡಿಸಿದರೆ ಯಾವ ಕಾಲದಲ್ಲಿ ಅಲ್ಲಿ ಏನು ಬೆಳೆದಿತ್ತು, ಏನು ಮೇಯುತ್ತಿತ್ತು ಎಂದು ಹೇಳಬಹುದು. ತಂಪು ದೇಶದವರು ಹೇಳುತ್ತಾರೆ. ನಮ್ಮ ಬಿಸಿಲಿಗೆ ಆ ಚೂರುಗಳು ಬೇಗ ಹಾಳಾಗುತ್ತವೆ. ದೇವದುರ್ಗದ ಕಡೆಯ ಕೆರೆಯೊಂದರಿಂದ ತೆಗೆದ ಮಣ್ಣಿನಲ್ಲಿ ಏನೂ ಸಿಕ್ಕಿರಲಿಲ್ಲ.

ಉಳಿದದ್ದು ಕಲ್ಲೂರು ದಾಟಿ ಒಳಗಿರುವ ನಮ್ಮೂರಿನ ಕೆರೆ. ಬೇಸಿಗೆಯಲ್ಲಿ ಅದರ ಹೂಳು ತೆಗೆದು ಹೊಲಗಳಿಗೆ ಹಾಕುತ್ತಾರೆಂದು ತಿಳಿದು, ಅದಕ್ಕೆ ಮೊದಲೇ ಹೋಗಿ ನಡುವಿನ ತಗ್ಗಿನಲ್ಲಿ ಪದರಗಳನ್ನು ಹಾಗೇ ಎತ್ತಲು ಕೊಳವೆ ಬಡಿದೆ. ಹೂಳು ಹೆಚ್ಚು ಕೂರುವುದು ಅಲ್ಲೇ ತಾನೆ. ತೆಗೆದ ಮಣ್ಣನ್ನು ತಂಪಾಗಿಡಲು ರಾಯಚೂರಿನಲ್ಲಿ ಮಂಜುಗಡ್ಡೆ ಕೊಳ್ಳುವಾಗ ಅಂಗಡಿಯವರು ಯಾವ ಮೀನು ಎಂದು ಕೇಳಿದರು. ಕೆಸರು ಎಂದೆ. ತಲೆ ಕೆಟ್ಟವನನ್ನು ನೋಡುವಂತೆ ನೋಡಿದರು. ಈಗ ಅವರೇ ಸರಿ ಅನ್ನಿಸುತ್ತದೆ.

ಮೊನ್ನೆ ಫಲಿತಾಂಶ ಬಂತು. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಎಮ್ಮೆ, ಕುರಿ, ಜೊತೆಗೆ ಬಳ್ಳಾರಿ ಜಾಲಿ. ಹೊರದೇಶದಿಂದ ಇತ್ತೀಚೆಗೆ ಬಂದ ಆ ಮುಳ್ಳುಗಿಡ ಅಷ್ಟು ಆಳದಲ್ಲಿದೆ ಎಂದರೆ ಮಣ್ಣು ಅಡಿಮೇಲಾಗಿದೆ ಎಂದೇ ಅರ್ಥ. ಬೇರೆ ಕಡೆ ಕೊಳವೆ ಬಡಿಯೋಣವೆಂದು ಓಡಿದೆ. ಕೆರೆ ಬೋಳಾಗಿತ್ತು. ಹೂಳೆಲ್ಲ ಹತ್ತಿ ಹೊಲಗಳಲ್ಲಿ ಹರಡಿತ್ತು. ವರ್ಷಗಳ ದುಡಿಮೆ ಮಣ್ಣುಪಾಲಾಯಿತು.

ಮನೆಗೆ ಬಂದು ಗೊಣಗುತ್ತ ಕೂತೆ. ಆ ತಗ್ಗನ್ನು ಯಾವ ಪುಣ್ಯಾತ್ಮರು ಅಗೆದರೋ ಎಂದು ಬೈದೆ. ಅವ್ವ ತೊಗರಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ನಾವೇ ಅಗದೀವಿ ಯಪ್ಪಾ. ಊರ ಬಾವಿಗೆ ನಮ್ಮ ಕೇರ್ಯಾರನ್ನ ಬಿಡ್ತಿದ್ದಿಲ್ಲ. ಬ್ಯಾಸಿಗ್ಯಾಗ ನೀರು ಅಂದ್ರ ಆ ತಗ್ಗಿನ ಒರತಿನೇ. ಎದಿಮಟ ತೋಡಿದ್ರ ಒಂದ್ ಕೊಡ ಬರ್ತಿತ್ತು. ಮಳಿಗಾಲಕ್ಕ ಮುಚ್ಚಿ ಹೋಗ್ತಿತ್ತು, ಮರುವರ್ಷ ಮತ್ತ ತೋಡೂದು."

ಹೊಸ ಹೂಳು ಇಳಿದು ತುಂಬಿದ ಅಂಥದೊಂದು ಗುಂಡಿಗೇ ನಾನು ಕೊಳವೆ ಬಡಿದಿದ್ದೆ. ಅವಳು ತೋಡಿದ್ದೋ, ಅವಳ ಓರಗೆಯವರು ತೋಡಿದ್ದೋ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ?

ಏನೇನು ಸಿಕ್ಕಿತೆಂದು ಅವ್ವ ಕೇಳಿದಳು. ಎಮ್ಮೆ, ಕುರಿ, ಜಾಲಿ ಎಂದೆ.

"ಮತ್ತ ನಾವು? ಅಷ್ಟು ಮಂದಿ ಇಳದು ತೋಡೀವಿ. ನಮ್ದೇನೂ ಸಿಗಲಿಲ್ಲೇನು?"

ಮನುಷ್ಯರ ಡಿಎನ್‌ಎ ಕಂಡರೆ, ಮಣ್ಣು ಮುಟ್ಟಿದವರ ಕೈಯಿಂದ ಸೇರಿದ ಕಲಬೆರಕೆ ಎಂದು ನಾವು ಎಲ್ಲಕ್ಕಿಂತ ಮೊದಲು ತೆಗೆದುಹಾಕುತ್ತೇವೆ. ಈ ಸಲವೂ ಹಾಗೇ ಮಾಡಿದ್ದೆವು.

ಸಿಗಲಿಲ್ಲ ಯವ್ವಾ ಎಂದೆ.