ಮದರ್‌ಬೋರ್ಡಿನ ಹಣೆಯ ಕುಂಕುಮ

2009ರ ಏಪ್ರಿಲ್‌ನಲ್ಲಿ, ನನ್ನ ಐದನೆಯ ತರಗತಿಯ ಪರೀಕ್ಷೆ ಮುಗಿದ ವಾರ, ಆಂಟಾಪ್ ಹಿಲ್‌ನ ನಮ್ಮ ಮನೆಗೆ ಇಡ್ಲಿ ಪಾರ್ಸೆಲ್ಲಿನ ಡಬ್ಬಿಯಲ್ಲಿ ಒಂದು ಪ್ರೊಸೆಸರ್ ಬಂತು. ಕಳಿಸಿದವರು ಬಿಲ್ಡಿಂಗಿನ ಕೆಳಗಿನ ಹೋಟೆಲಿನ ಶೆಟ್ಟಿ ಅಂಕಲ್. ಗಲ್ಲಾಪೆಟ್ಟಿಗೆಯ ಬಳಿಯ ಕಂಪ್ಯೂಟರನ್ನು ಅವರು ಬದಲಿಸಿದ್ದರು. ಹಳೆಯದರ ಮಿದುಳು ನನ್ನ ಅಕ್ಕನಿಗೆ ಬೇಕಾದೀತೆಂದು ತೆಗೆಸಿಟ್ಟಿದ್ದರು. ಡಬ್ಬಿ ಬಿಚ್ಚಿದಾಗ ಸಾಂಬಾರಿನ ವಾಸನೆ ಬಂತು.

ಆ ದಿನಗಳಲ್ಲಿ ನಮ್ಮಂಥ ಮನೆಗಳಲ್ಲಿ ಕಂಪ್ಯೂಟರ್ ನಿಧಾನವಾದರೆ ಹೊಸದನ್ನು ತರುತ್ತಿರಲಿಲ್ಲ, ಇದ್ದದ್ದನ್ನೇ ಬಿಚ್ಚುತ್ತಿದ್ದರು. ಅಕ್ಕನಿಗೆ ಅವಸರವೂ ಇತ್ತು. ಗೋರೆಗಾಂವ್‌ನ ಒಂದು ಅನಿಮೇಷನ್ ಸ್ಟುಡಿಯೊದವರು, ಒಂದು ನಿಮಿಷದ ಚಿತ್ರ ಮಾಡಿ ಸೋಮವಾರ ತಂದು ತೋರಿಸು ಎಂದಿದ್ದರು. ನಮ್ಮ ಯಂತ್ರ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆ ಕೆಲಸ ಸಿಗದಿದ್ದರೆ ಜೂನ್‌ನಲ್ಲಿ ವಿಜಾಪುರಕ್ಕೆ ಹೋಗಿ ಬಿ.ಎಡ್. ಸೇರಬೇಕೆಂದು ಅಪ್ಪ ಹೇಳಿಯಾಗಿತ್ತು.

ನಾನು ಲಗೋರಿ ಬಿಟ್ಟು ಮೇಲೆ ಓಡಿಬಂದಾಗ ಅಕ್ಕ ಕಂಪ್ಯೂಟರಿನ ಬದಿಯ ತಗಡು ಬಿಚ್ಚಿದ್ದಳು.

"ಹಾಕಿ ನೋಡೇಬಿಡು," ಎಂದೆ. "ಜಾಗಾದಾಗ ಬರೋಬ್ಬರಿ ಕೂಡ್ತದಲ್ಲ?"

"ವಡಾಳಾ ಸ್ಟೇಷನ್‌ದಾಗ ಸೀಟ್ ಸಿಕ್ತು ಅಂದ್ರ ಆ ಲೋಕಲ್ ಟ್ರೇನ್ ಅಂಧೇರಿಗೇ ಹೋಗ್ತದಂತೇನು? ಪನವೇಲ್‌ಗೂ ಹೋಗಬಹುದು. ಮೊದಲ ಬೋರ್ಡ್ ನೋಡಬೇಕು."

ಯಾವ ಮದರ್‌ಬೋರ್ಡಿಗೆ ಯಾವ ಪ್ರೊಸೆಸರ್ ನಡೆಯುತ್ತದೆ ಎಂಬ ಪಟ್ಟಿ ಅದನ್ನು ಮಾಡಿದ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತಿತ್ತು. ಅಕ್ಕ ಅದನ್ನು ಸೈಬರ್ ಕೆಫೆಯಲ್ಲಿ ಮುದ್ರಿಸಿ ತಂದಿದ್ದಳು. ನಮ್ಮ ಬೋರ್ಡಿನ ಹೆಸರಿನಲ್ಲಿ ಎರಡು ಆವೃತ್ತಿಗಳಿದ್ದವು. ಡಬ್ಬಿಯಲ್ಲಿ ಬಂದ ಪ್ರೊಸೆಸರ್ ನಡೆಯುವುದು ಎರಡನೆಯದರಲ್ಲಿ ಮಾತ್ರ. ನಮ್ಮದು ಯಾವುದೆಂಬ ಸಂಖ್ಯೆ ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಇರಬೇಕಿತ್ತು. ಅಲ್ಲಿ ಇದ್ದದ್ದು ಕುಂಕುಮ.

ಪ್ರತಿ ವರ್ಷ ದಸರೆಯ ಖಂಡೆ ಪೂಜೆಯ ದಿನ ಮನೆಯ ಇಳಿಗೆಮಣೆ, ಮಿಕ್ಸರ್‌ಗಳ ಜೊತೆ ಕಂಪ್ಯೂಟರಿಗೂ ಪೂಜೆ ನಡೆಯುತ್ತಿತ್ತು. ಅಕ್ಕ ಅದನ್ನು ಬಿಚ್ಚಿ ಧೂಳು ಊದಿದ ಮೇಲೆ ಅಜ್ಜಿ ಹಸಿ ಕುಂಕುಮ ಇಡುತ್ತಿದ್ದಳು. ಹೊರಗಿನ ತಗಡಿಗೆ ಇಟ್ಟರೆ ಅವಳಿಗೆ ಸಮಾಧಾನವಿರಲಿಲ್ಲ.

ಅಕ್ಕ ಸೇಫ್ಟಿ ಪಿನ್ ಕೈಗೆತ್ತಿಕೊಂಡಳು.

"ಏ, ಏನ ಮಾಡ್ಲಿಕತ್ತೀದಿ?" ಅಜ್ಜಿ ಅಡುಗೆಮನೆಯಿಂದ ಬಂದಳು. "ಹಬ್ಬದ ಕುಂಕುಮ ಕೆರೀತೀ?"

"ಕೆಳಗ ನಂಬರ್ ಅದ ಅಜ್ಜಿ. ಪ್ಲೀಸ್."

"ಹಣಿ ಮ್ಯಾಲೆ ಯಾರರೆ ನಂಬರ್ ಬರೀತಾರೇನ?"

"ಅದನ್ನ ಹಣಿ ಮಾಡಿದಾಕಿ ನೀನು. ಕಂಪನಿಯವರಿಗೇನ ಗೊತ್ತು?"

ಅಜ್ಜಿ ಹತ್ತಿರ ಬಂದು ಕೂತಳು. "ಸೋಮವಾರ ಅಂದೀ ಅಲ್ಲ? ಆಕಡೆ ಸರಿ." ದೇವರ ಗೂಡಿನಿಂದ ಹತ್ತಿಯ ಬತ್ತಿ ತಂದು, ಮೂರ್ತಿಯ ಹಳೆಯ ಗಂಧ ಒರೆಸುವ ಹಾಗೆ ಮೆಲ್ಲಗೆ ತಿಕ್ಕಿದಳು. ಧೂಳು, ಕರ್ಪೂರ ಎರಡರ ವಾಸನೆಯೂ ಎದ್ದಿತು. ಕೆಂಪು ಪುಡಿಯ ಕೆಳಗಿನಿಂದ ಬಿಳಿ ಅಕ್ಷರ ಮೂಡಿತು. ಬಗ್ಗಿ ಓದಿದವಳು ನಾನು: ಒಂದು.

ಅಕ್ಕ ಗೋಡೆಗೆ ಒರಗಿ ಕೂತಳು. ನಂತರ ಪಟ್ಟಿಯನ್ನು ಮೊದಲಿನಿಂದ ಓದತೊಡಗಿದಳು. ಒಂದು ಸಾಲಿನ ಮೇಲೆ ಬೆರಳು ನಿಂತಿತು. "ಇದು ನಮ್ಮ ಬೋರ್ಡಿಗೆ ನಡೀತದ. ಅಂಕಲ್‌ನ ಪಾರ್ಸೆಲ್ ಕೌಂಟರಿನ ಕಂಪ್ಯೂಟರ್ ಮ್ಯಾಲಿನ ಸ್ಟಿಕರ್‌ನಾಗ ಇದ ಹೆಸರ ಅದ!"

ಸೈಬರ್ ಕೆಫೆಗೆ ಮತ್ತೊಮ್ಮೆ ಹೋಗಿ ಹೋಟೆಲಿಗೆ ಬಂದೆವು. ಪಾರ್ಸೆಲ್ ಕೌಂಟರಿನ ಪ್ರೊಸೆಸರ್ ಕೊಡುತ್ತೀರಾ ಎಂದು ಅಕ್ಕ ಕೇಳಿದಳು.

"ಅದು ಈಗ ನಡೀತಾ ಉಂಟಲ್ಲ ಮಾರಾಯ್ತಿ!" ಎಂದರು ಶೆಟ್ಟಿ ಅಂಕಲ್. "ಪಾರ್ಸೆಲ್ ಬಿಲ್ ಯಾರು ಮಾಡುದು, ನಿನ್ನ ಅಜ್ಜಿಯಾ?"

"ನಮ್ಮ ಹಳೇದು ಅದಕ್ಕ ಹಾಕಿ ಕೊಡ್ತೀನಿ ಅಂಕಲ್. ನಿಮ್ಮ ಬೋರ್ಡಿನ ಪಟ್ಟಿನೂ ನೋಡೀನಿ, ನಡೀತದ. ಥೋಡಾ ಸ್ಲೋ, ಅಷ್ಟ."

"ಸ್ಲೋ ಆದ್ರೆ ಗಿರಾಕಿ ನಿಂತಲ್ಲೇ ಇನ್ನೊಂದು ಚಾ ಕುಡೀತಾನೆ. ತಗೊಂಡು ಹೋಗು."

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅದಲುಬದಲು ಮುಗಿಯಿತು. ಮನೆಯಲ್ಲಿ ಗುಂಡಿ ಒತ್ತಿದಾಗ ಪರದೆಯ ಮೇಲೆ ಹೊಸ ಪ್ರೊಸೆಸರಿನ ಹೆಸರು ಬಂತು. ಅಜ್ಜಿ ಅಕ್ಕನ ಬಾಯಿಗೆ ಬೆಲ್ಲ ಹಾಕಿದಳು. ಸೋಮವಾರ ಅಕ್ಕ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಗೋರೆಗಾಂವ್‌ಗೆ ಹೋದಳು. ಮೇ ತಿಂಗಳಲ್ಲಿ ಅಲ್ಲೇ ಕೆಲಸಕ್ಕೆ ಸೇರಿದಳು.

ಅಜ್ಜಿ ಈಗಿಲ್ಲ. ರೀಡೆವಲಪ್‌ಮೆಂಟಿಗೆ ಬಿಲ್ಡಿಂಗ್ ಒಡೆದರು. ಅದರ ಜೊತೆ ಹೋಟೆಲೂ ಹೋಯಿತು. ಶೆಟ್ಟಿ ಅಂಕಲ್ ಕುಂದಾಪುರದಲ್ಲಿದ್ದಾರೆ. ಅಕ್ಕ ಅದೇ ಸ್ಟುಡಿಯೊದಲ್ಲಿದ್ದಾಳೆ. ಅವಳ ಲ್ಯಾಪ್‌ಟಾಪ್ ಈಚೆಗೆ ನಿಧಾನವಾಗಿದೆ. ಅದರ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿದ್ದಾರೆ, ಬಿಚ್ಚಲು ಬರುವುದಿಲ್ಲ. ಹೊಸದು ಗುರುವಾರ ಬರಲಿದೆ.